ಅರ್ಧ ಬೆರಳು ಬಟ್ಟೆ

ನನ್ನ ಗಂಡನ ಪ್ಯಾಂಟುಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಾ ಬಂದವಳು ನಾನೇ. ಸೊಂಟಪಟ್ಟಿಯ ಹಿಂಭಾಗದಲ್ಲಿ, ನಡುಹೊಲಿಗೆಯ ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ, ಒಂದು ಸಲಕ್ಕೆ ಅರ್ಧ ಬೆರಳಿನಷ್ಟು. ಇದನ್ನು ಯಾರೂ ತಪ್ಪೊಪ್ಪಿಗೆ ಎಂದು ಓದಬೇಡಿ. ಇನ್ನೊಮ್ಮೆ ಅವಕಾಶ ಸಿಕ್ಕರೆ ಮುಕ್ಕಾಲು ಬೆರಳು ಹಿಡಿಯುತ್ತೇನೆ.

ನಮ್ಮ ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬೀದಿ ಕಡೆಯ ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್, ಅದಕ್ಕೇ ಸೇರಿದ ಡ್ರಾಯರ್ ತುಂಬ ಟೇಪು, ಬಾಬಿನ್, ಬಟ್ಟೆಗೆ ಗೆರೆ ಎಳೆಯುವ ಚಾಕ್‌ಪೀಸು, ಗುಂಡಿಗಳು. ಗೋಡೆಯ ಮೊಳೆಗೆ ನೇತುಹಾಕಿದ ದೊಡ್ಡ ಕತ್ತರಿ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹೊತ್ತು ಹೋಗದೆ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ಮಾವ ಹಳೇ ಪ್ಯಾಂಟೊಂದನ್ನೂ ಅರ್ಧ ಮುರಿದ ಬ್ಲೇಡನ್ನೂ ನನ್ನ ಮುಂದಿಟ್ಟು, "ಕೂತ್ಕೋಮ್ಮ. ಮೊದಲು ಬಿಚ್ಚೋದು ಕಲಿ. ನೂಲು ಮಾತ್ರ ಹೋಗ್ಬೇಕು, ಬಟ್ಟೆಗೆ ಗಾಯ ಆಗ್ಬಾರದು" ಎಂದರು. ಬಿಚ್ಚುವುದರಿಂದ ಗುಂಡಿಗೆ, ಗುಂಡಿಯಿಂದ ಅದು ತೂರುವ ಕಾಜಕ್ಕೆ, ಕಾಜದಿಂದ ಕೈಹೊಲಿಗೆಗೆ ಬಂದೆ. ನನ್ನ ಹೊಲಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ನಿಂದೋ ನಂದೋ?" ಎಂದು ಕೇಳುತ್ತಿದ್ದರು. ಆ ಒಂದು ಮಾತು ಕೇಳುವುದಕ್ಕಾಗಿ ನಾನು ಊಟ ಮರೆತು ಹೊಲಿದದ್ದುಂಟು.

ಮಾವ ಯಾರ ಬಟ್ಟೆ ಹೊಲಿದರೂ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದರು. ಗಿರಾಕಿಗೆ ಅದು ಕಾಣುವುದಿಲ್ಲ, ಕೇಳುವುದೂ ಇಲ್ಲ. "ಮನುಷ್ಯ ಇದ್ದ ಹಾಗೇ ಇರ್ತಾನೇನಮ್ಮ? ದಪ್ಪ ಆದ್ರೆ ಬಿಚ್ಚಿ ಬಿಡಿಸಿಕೊಳ್ಳಲಿ" ಎನ್ನುತ್ತಿದ್ದರು. ಮಗನ ಮದುವೆಗೆಂದು ಅವರೇ ಕೂತು ಹೊಲಿದ ಕಡುನೀಲಿ ಪ್ಯಾಂಟಿಗಂತೂ ಮೂರು ಬೆರಳು ಬಿಟ್ಟಿದ್ದರು. ನನಗೆ ತೋರಿಸಿ, "ನಿನ್ನ ಕೈ ಅಡಿಗೆ ಹೆಂಗಿರುತ್ತೋ ಯಾರಿಗೆ ಗೊತ್ತು" ಎಂದು ನಕ್ಕಿದ್ದರು.

ಹೊಲಿಸುವವರು ಬರುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ಪ್ಯಾಂಟು ಹೋಗಿ ಶರ್ಟು ಉಳಿಯಿತು. ಶರ್ಟೂ ಹೋಗಿ ಮಕ್ಕಳ ಯೂನಿಫಾರ್ಮು ಉಳಿಯಿತು. ಶಾಲೆಯವರೇ ಯೂನಿಫಾರ್ಮು ಮಾರತೊಡಗಿದ ಮೇಲೆ ಕೊಂಡು ತಂದ ಪ್ಯಾಂಟಿನ ಕಾಲು ಮಡಿಸುವುದು, ಕೆಟ್ಟ ಜಿಪ್ ಬದಲಾಯಿಸುವುದು, ಇಷ್ಟೇ. ಆದರೂ ನಿವೃತ್ತ ಮೇಷ್ಟ್ರೊಬ್ಬರು, ಇನ್ನು ಕೆಲವು ಹಳಬರು, ಬೇರೆ ಕಡೆ ಹೋಗದೆ ಮಾವನ ಹತ್ತಿರವೇ ಬರುತ್ತಿದ್ದರು. ದಿನಕ್ಕೊಂದು ಹೊತ್ತಾದರೂ ಮಿಷನ್ ಸದ್ದು ಮಾಡುತ್ತಿತ್ತು. ಮಾವನಿಗೆ ಅಷ್ಟು ಸಾಕಾಗಿತ್ತು.

ಸಾಕಾಗದೆ ಹೋದದ್ದು ನಮ್ಮ ಯಜಮಾನರಿಗೆ. ದರ್ಜಿಯ ಮಗ ಫೋನಿನಲ್ಲಿ ಬಟ್ಟೆ ತರಿಸತೊಡಗಿದರು. ಮೂರು ತರಿಸುವುದು, ಹಾಕಿ ನೋಡುವುದು, ಎರಡನ್ನು ವಾಪಸ್ ಕಳಿಸುವುದು. ಬಟ್ಟೆಯ ಹಿಂದೆ ಊಟ ಬಂತು, ಊಟದ ಹಿಂದೆ ಸಂಜೆಯ ಕರಿದ ತಿಂಡಿ, ಆಮೇಲೆ ಮೂಲೆ ಅಂಗಡಿಯಲ್ಲಿ ಸಿಗುವ ಬೆಂಕಿಪೊಟ್ಟಣ ಕೂಡ ಡಬ್ಬಿಯಲ್ಲಿ ಕೂತು ಬಂತು. ಆಫೀಸಿನಲ್ಲಿ ಒಂದು ಮಹಡಿ ಹತ್ತುವುದಕ್ಕೂ ಲಿಫ್ಟು. ಊಟದ ತಟ್ಟೆಯ ಪಕ್ಕ ಇವರದೊಂದು ಫೋನು, ಪುಟ್ಟ ಮಗಳ ಮುಂದೆ ಕಾರ್ಟೂನು ಓಡುವ ಇನ್ನೊಂದು. "ಉಪ್ಪು ಹಾಕ್ಲಾ?" ಎಂದರೆ ಇಬ್ಬರೂ ಒಟ್ಟಿಗೆ "ಹ್ಞೂಂ" ಎನ್ನುತ್ತಿದ್ದರು. ನಾನು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇದೆಲ್ಲ ಊರಿಗೇ ಬಂದದ್ದು, ನಮ್ಮ ಮನೆಗೊಂದೇ ಅಲ್ಲ, ಸಹಿಸಿಕೊಂಡೆ. ಆದರೆ ಇವರು ಪಾರ್ಸಲ್ ಒಡೆಯುವುದಕ್ಕೆ ಮಾವನ ಕತ್ತರಿಯನ್ನು ಮೊಳೆಯಿಂದ ತೆಗೆದರು. ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಅದರ ಬಾಯಿ ಹೋಗುತ್ತದೆ ಎನ್ನುವುದು ದರ್ಜಿ ಮನೆಯ ಮಗುವಿಗೂ ಗೊತ್ತು. ಇವರು ರಟ್ಟು ಕತ್ತರಿಸಿದರು, ಅಂಟುಪಟ್ಟಿ ಕತ್ತರಿಸಿದರು. ಮಾವ ನೋಡಿದರು. ಮರುದಿನ ಕತ್ತರಿಯನ್ನು ಸಾಣೆ ಹಿಡಿಸಿ ತಂದು ಅದೇ ಮೊಳೆಗೆ ಹಾಕಿದರು.

ಆಮೇಲೆ ಇವರಿಗೆ ಒಂದು ಯಂತ್ರ ಬೇಕಾಯಿತು. ನಿಂತಲ್ಲೇ ನಡೆಯುವ ಯಂತ್ರ. ಹೊಟ್ಟೆ ಬರುತ್ತಿದೆ, ಆಫೀಸಿನಲ್ಲಿ ಎಲ್ಲರೂ ಕೊಂಡಿದ್ದಾರೆ, ಇಡುವುದಕ್ಕೆ ಮುಂದಿನ ಕೋಣೆಯೇ ಸರಿ ಎಂದರು. ಮಿಷನ್ ಎಲ್ಲಿಡುವುದು ಎಂದು ನಾನು ಕೇಳಿದರೆ, "ನೋಡೋಣ" ಎಂದರು.

ಏನು ನೋಡಿದರೆಂದು ಒಂದು ವಾರದೊಳಗೆ ಗೊತ್ತಾಯಿತು. ಮಾವ ಊಟಕ್ಕೆ ಕೂತಿದ್ದಾಗ ಇವರು ಬಹಳ ಮೆತ್ತಗಿನ ದನಿಯಲ್ಲಿ ಶುರು ಮಾಡಿದರು.

"ಅಪ್ಪ, ಬೇಜಾರು ಮಾಡ್ಕೋಬೇಡ. ಮೇಷ್ಟ್ರು ಸಿಕ್ಕಿದ್ರು. ಆ ಬಿಳೀ ಶರ್ಟಿನ ತೋಳು ಒಂದು ಉದ್ದ ಒಂದು ಗಿಡ್ಡ ಆಗಿದೆಯಂತೆ. ನಿನ್ನ ಮುಖ ನೋಡಿ ಹೇಳೋಕಾಗದೆ ನನಗೆ ಹೇಳಿದ್ರು."

ಮಾವ ಅನ್ನದ ಕೈಯನ್ನು ಹಾಗೇ ನಿಲ್ಲಿಸಿದರು. "ತೋಳಾ? ನಾನು ಎರಡು ಸಲ ಅಳೆದಿದ್ನಲ್ಲೋ."

"ನಿನ್ನ ಕೈ ನಡುಗ್ತಿದೆ ಅಪ್ಪ. ನಿನಗೇ ಗೊತ್ತಾಗಲ್ಲ. ಇನ್ನೂ ಇಬ್ಬರು ಮೂವರು ಹೇಳಿದ್ರು. ಇಷ್ಟು ವರ್ಷ ಗಳಿಸಿದ ಹೆಸರು ಕೆಡೋದು ಬೇಡ."

ಆ ಮಾತು ಕೇಳಿದವರು ಇನ್ನೇನು ಮಾಡುತ್ತಾರೆ? ಮಾವ ಎದ್ದು ಕೈ ತೊಳೆದು ಕಿಟಕಿಯ ಬೆಳಕಿಗೆ ತಮ್ಮ ಬಲಗೈ ಹಿಡಿದು ನೋಡಿಕೊಂಡರು. ಬಹಳ ಹೊತ್ತು ಹಿಡಿದರೆ ಯಾರ ಕೈ ತಾನೇ ನಡುಗುವುದಿಲ್ಲ? ಅದು ನಡುಗಿತು. ಅವರು ನಂಬಿಬಿಟ್ಟರು. ನಾನೂ ನಂಬಿದೆ, ಮಗ ತಂದೆಗೆ ಸುಳ್ಳು ಹೇಳಿಯಾನೇ ಎಂದು.

ಇವರು ಮಿಷನ್ನನ್ನು ಡ್ರಾಯರ್ ಸಮೇತ ಮಾರಿದರು. ಒಳಗಿದ್ದ ಟೇಪನ್ನೂ ತೆಗೆದಿಟ್ಟುಕೊಳ್ಳಲಿಲ್ಲ. ಗಿರಾಕಿಗಳಿಗೆ, "ಅಪ್ಪನಿಗೆ ಕಣ್ಣು ಕಾಣಲ್ಲ" ಎಂದು ಹೇಳಿ ಕಳಿಸಿದರು. ಅದೇ ಜಾಗಕ್ಕೆ ನಡೆಯುವ ಯಂತ್ರ ಬಂತು. ನಾಲ್ಕು ದಿನ ಅದರ ಮೇಲೆ ಧಡಧಡ ನಡೆದರು. ಆಮೇಲೆ ಅದು ಒದ್ದೆ ಟವೆಲ್ಲು ಒಣಗಿಸುವ ಸಾಧನವಾಯಿತು. ಮಾವ ಅದರ ಎದುರಿಗೇ ಕುರ್ಚಿ ಹಾಕಿಕೊಂಡು, ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿರುತ್ತಿದ್ದರು. ಕಾಲು ಮಾತ್ರ ಆಗಾಗ ತನ್ನಷ್ಟಕ್ಕೆ ನೆಲ ತುಳಿಯುತ್ತಿತ್ತು. ಆಗ ಇನ್ನೂ ಚಿಕ್ಕವಳಾಗಿದ್ದ ಮಗಳು ಶಾಲೆಯ ನಾಟಕಕ್ಕೆ ಹಳದಿ ಫ್ರಾಕು ಹೊಲಿದುಕೊಡು ಎಂದು ಬಟ್ಟೆ ಹಿಡಿದು ಅವರ ಮುಂದೆ ಹೋಗಿ ನಿಂತಳು. "ಬೇಡ ಕಂದ. ತಾತನ ಕೈ ಕೆಟ್ಟಿದೆ. ಹಾಳಾಗುತ್ತೆ" ಎಂದರು. ಅವಳು ಅತ್ತು ಕರೆದು ಅವರ ಜೊತೆ ಟೂ ಬಿಟ್ಟಳು. ಆ ಟೂ ಪೂರ್ತಿ ಮುರಿಯುವ ಮೊದಲೇ ಮಾವ ಹೋಗಿಬಿಟ್ಟರು.

ಸುಳ್ಳು ಹೊರಬಿದ್ದದ್ದು ಎಷ್ಟೋ ಕಾಲದ ಮೇಲೆ, ತರಕಾರಿ ಅಂಗಡಿಯಲ್ಲಿ. ಮೇಷ್ಟ್ರು ಸಿಕ್ಕರು. ಮೈಮೇಲೆ ಅದೇ ಬಿಳೀ ಶರ್ಟು, ಕಾಲರು ಸವೆದಿತ್ತು. ನನ್ನ ಕಣ್ಣು ತಾನಾಗಿ ತೋಳಿನ ಕಡೆ ಹೋಯಿತು. ಎರಡೂ ಮಣಿಕಟ್ಟಿನ ಮೂಳೆಯ ಮೇಲೆ ಒಂದೇ ಕಡೆ ನಿಂತಿದ್ದವು, ಕೂದಲೆಳೆಯ ವ್ಯತ್ಯಾಸವಿಲ್ಲ.

"ತೋಳು ಸರಿ ಇಲ್ಲ ಅಂದಿದ್ರಂತಲ್ಲ ಮೇಷ್ಟ್ರೇ?" ಎಂದೆ.

"ನಾನಾ? ಯಾರಮ್ಮ ಹೇಳಿದ್ದು? ನಿಮ್ಮ ಮಾವನ ಕೈ ಮೇಲೆ ಆ ಮಾತಾಡಿದ್ರೆ ನನ್ನ ನಾಲಿಗೆ ಬಿದ್ದುಹೋಗುತ್ತೆ. ಪಾಪ, ಕಣ್ಣು ಹೋಯ್ತು ಅಂತ ನಿಮ್ಮ ಯಜಮಾನರು ಹೇಳಿದ್ರು. ಬಂದು ನೋಡೋಕೂ ಸಂಕಟ ಆಗಿ ನಾನು ಬರಲೇ ಇಲ್ಲ."

ತರಕಾರಿ ಚೀಲ ಅಲ್ಲೇ ಮರೆತು ಮನೆಗೆ ಬಂದೆ. ಇವರು ಸೋಫಾದಲ್ಲಿ ಒರಗಿ ಫೋನು ಉಜ್ಜುತ್ತಿದ್ದರು. ಕೇಳಿದೆ. ತಲೆ ಕೂಡ ಎತ್ತಲಿಲ್ಲ.

"ಯಾವ ಕಾಲದ ಕಥೆ ಅದು, ಬಿಡೇ. ಅಪ್ಪನಿಗೂ ರೆಸ್ಟ್ ಸಿಕ್ತು. ಯಾರು ಹೊಲಿಸ್ತಾರೆ ಈಗ?"

"ಅವರ ಕೈ ನಡುಗ್ತಿತ್ತಾ ಇಲ್ವಾ? ಅಷ್ಟು ಹೇಳಿ."

"ನಡುಗ್ತಿತ್ತು ಕಣೇ. ವಯಸ್ಸಾಗಿತ್ತು."

ಅಲ್ಲೇ ತೀರ್ಮಾನ ಮಾಡಿದೆ. ನಡುಗುತ್ತಿರಲಿಲ್ಲ ಎನ್ನುವ ಮಾತು ಇದೇ ಬಾಯಿಂದ ಬರಬೇಕು. ಅಲ್ಲಿಯವರೆಗೆ, ತನ್ನ ಮೈಯನ್ನು ತಾನೇ ನಂಬದೆ ಬದುಕುವುದು ಎಂದರೇನು ಎಂದು ಈ ಮನುಷ್ಯನಿಗೂ ಗೊತ್ತಾಗಬೇಕು.

ಮಿಷನ್ ಇದ್ದಿದ್ದರೆ ಹತ್ತು ನಿಮಿಷದ ಕೆಲಸ. ಮಾರಿದವರು ಅವರೇ, ಹಾಗಾಗಿ ಕೈಹೊಲಿಗೆ. ಇವರು ಆಫೀಸಿಗೆ, ಮಗಳು ಕಾಲೇಜಿಗೆ ಹೋದ ಮೇಲೆ ಕಿಟಕಿಯ ಹತ್ತಿರ ಕೂತು ಮೊದಲು ಬೂದು ಬಣ್ಣದ ಪ್ಯಾಂಟು ತೆಗೆದುಕೊಂಡೆ. ಸೊಂಟಪಟ್ಟಿ ಬಿಚ್ಚಿ, ಹಿಂದಿನ ಹೊಲಿಗೆಯಲ್ಲಿ ಅರ್ಧ ಬೆರಳು ಒಳಗೆ ಹಿಡಿದು, ಪಟ್ಟಿಯನ್ನು ಮತ್ತೆ ಕೂರಿಸಿ, ಇಸ್ತ್ರಿ ಎಳೆದೆ. ಮಾವ ಇದ್ದಿದ್ದರೆ ಬೆಳಕಿಗೆ ಹಿಡಿದು, ನಿಂದೋ ನಂದೋ ಎಂದು ಕೇಳುತ್ತಿದ್ದರು. ಆಮೇಲೆ ಕಪ್ಪು, ಕಂದು, ಹೀಗೆ ಎಲ್ಲ. ಒಂದು ಸುತ್ತು ಮುಗಿದ ಮೇಲೆ ಸ್ವಲ್ಪ ದಿನ ಬಿಟ್ಟು ಎರಡನೇ ಸುತ್ತು. ಪೆಟ್ಟಿಗೆಯಲ್ಲಿದ್ದ ಕಡುನೀಲಿ ಮದುವೆ ಪ್ಯಾಂಟನ್ನು ಮಾತ್ರ ಮುಟ್ಟಲಿಲ್ಲ. ಮಾವನ ಹೊಲಿಗೆಗೆ ಬ್ಲೇಡು ಹಾಕಲು ನನ್ನ ಕೈ ಬರಲಿಲ್ಲ.

ಮೊದಲು ಇವರು ಬಟ್ಟೆ ಒಗೆಯುವ ಮಿಷನ್ನನ್ನು ಬೈದರು. ಆಮೇಲೆ ಕಂಪನಿಯವರಿಗೆ ಫೋನು ಮಾಡಿ ಕಿರುಚಾಡಿದರು. ದೊಡ್ಡ ಅಳತೆಯ ಹೊಸ ಪ್ಯಾಂಟು ತರಿಸಿದರು. ಬಂದ ದಿನ ಸರಿಯಾಗಿತ್ತು, ಮೊದಲ ಒಗೆತದ ಮೇಲೆ ಹಿಡಿಯತೊಡಗಿತು. ಅದಕ್ಕಿಂತ ದೊಡ್ಡದು ತರಿಸಿದರು. ಅದನ್ನೂ ನಾನು ನೋಡಿಕೊಂಡೆ.

"ಏನೇ ಇದು, ಎಲ್ಲಾ ಬಿಗಿ ಆಗ್ತಿದೆ?" ಎಂದು ಒಂದು ಬೆಳಿಗ್ಗೆ ಉಸಿರು ಎಳೆದುಕೊಂಡು ಗುಂಡಿ ಹಾಕುತ್ತಾ ಕೇಳಿದರು.

"ವಯಸ್ಸಾಯ್ತಲ್ಲ ರೀ. ನಿಮಗೇ ಗೊತ್ತಾಗಲ್ಲ" ಎಂದೆ. ಬಹಳ ಮೆತ್ತಗಿನ ದನಿಯಲ್ಲಿ.

ಅಲ್ಲಿಂದ ನೋಡಬೇಕಿತ್ತು ಇವರ ಅವಸ್ಥೆ. ಸಂಜೆಯ ಕರಿದ ತಿಂಡಿ ನಿಂತಿತು. ಡಬ್ಬಿ ಊಟ ನಿಂತಿತು. ನಾನು ಮಾಡಿದ ಅಡಿಗೆಯನ್ನು ಫೋನು ಬದಿಗಿಟ್ಟು, ಒಂದೊಂದು ತುತ್ತನ್ನೂ ಲೆಕ್ಕಪರಿಶೋಧಕರ ಹಾಗೆ ನೋಡಿ ತಿನ್ನತೊಡಗಿದರು. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದರು. ಮುಂದಿನ ಕೋಣೆಯ ಯಂತ್ರದ ಮೇಲಿಂದ ನನ್ನ ಟವೆಲ್ಲುಗಳನ್ನು ಕೆಳಗೆಸೆದು ದಿನಾ ಬೆಳಿಗ್ಗೆ ಓಡಿದರು. ಓಡಿ ಓಡಿ ನಿಜಕ್ಕೂ ತೆಳ್ಳಗಾಗತೊಡಗಿದರು. ನನ್ನ ಕೆಲಸ ದುಪ್ಪಟ್ಟಾಯಿತು. ಇವರು ಅರ್ಧ ಬೆರಳು ಇಳಿದರೆ ನಾನು ಒಂದು ಬೆರಳು ಹಿಡಿಯಬೇಕಲ್ಲ.

ತೂಕದ ಯಂತ್ರ ಇಳಿದಿದೆ ಎಂದು ತೋರಿಸಿತು. ಅದರಿಂದ ಸಮಾಧಾನವಾಗುವ ಬದಲು ಗಾಬರಿಯಾದರು. ತೂಕ ಇಳಿಯುತ್ತಿದೆ, ಸೊಂಟ ಬೆಳೆಯುತ್ತಿದೆ, ಇದು ಯಾವ ರೋಗ ಎಂದು ಫೋನನ್ನು ಕೇಳಿದರು. ಫೋನು ಅಜೀರ್ಣದಿಂದ ಹಿಡಿದು ಬಾಯಲ್ಲಿ ಹೇಳಬಾರದ ಗಡ್ಡೆಯವರೆಗೆ ಎಲ್ಲವನ್ನೂ ತೋರಿಸಿತು. ಡಾಕ್ಟರ ಹತ್ತಿರ ಹೋದರು. ರಕ್ತ ಕೊಟ್ಟರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಏನೂ ಇಲ್ಲ, ಆರೋಗ್ಯವಾಗಿದ್ದೀರಿ ಎಂದರು ಡಾಕ್ಟರು. ಮನೆಗೆ ಬಂದು, "ಡಾಕ್ಟರು ಸುಳ್ಳು ಹೇಳಬಹುದು, ಪ್ಯಾಂಟು ಹೇಳುತ್ತಾ?" ಎಂದು ತಲೆ ಮೇಲೆ ಕೈ ಹೊತ್ತು ಕೂತರು.

"ಒಂದು ಟೇಪ್ ಕೊಡೇ. ಅಳೆದೇ ನೋಡ್ತೀನಿ."

"ಟೇಪ್ ಎಲ್ಲಿದೆ ರೀ? ಡ್ರಾಯರಲ್ಲಿತ್ತು. ಡ್ರಾಯರ್ ಸಮೇತ ಕೊಟ್ರಲ್ಲ."

ನನ್ನ ಮುಖ ನೋಡಿದರು. ಆಗಲೂ ಹೊಳೆಯಲಿಲ್ಲ. ಪಕ್ಕದವರ ಹತ್ತಿರ ಟೇಪು ಕೇಳುವುದಕ್ಕೆ ಇವರಿಗೆ ನಾಚಿಕೆ, ತರಿಸುವುದಕ್ಕೆ ಒಳಗೊಳಗೇ ಭಯ. ನಿಜ ಗೊತ್ತಾಗಿಬಿಟ್ಟರೆ ಎಂಬ ಭಯ.

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವರು ಕನ್ನಡಿಯ ಮುಂದೆ ಅಡ್ಡ ನಿಂತು, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಅದು ಈಗ ಬೆಳೆಯುತ್ತಿದೆಯೇನೋ ಎನ್ನುವ ಹಾಗೆ ಕಾಯುತ್ತಿದ್ದರು. ನನಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಸುಳ್ಳಲ್ಲ, ಅನ್ನಿಸಿತು. ಕಟ್ಟಿಕೊಂಡ ಗಂಡ, ನಿದ್ದೆಗೆಟ್ಟು ಕಣ್ಣು ಗುಳಿ ಬಿದ್ದಿದೆ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಕಿಟಕಿಯ ಬೆಳಕಿಗೆ ಕೈ ಹಿಡಿದು ನಿಂತ ಮಾವ ಕಣ್ಣೆದುರಿಗೆ ಬಂದರು. ಅವರಿಗೆ ಯಾವ ಡಾಕ್ಟರು ಬಂದು ನಿಮ್ಮ ಕೈ ಸರಿಯಾಗಿದೆ ಎಂದರು? ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದೆ.

ಇವರ ಆಫೀಸಿನಲ್ಲಿ ಹಿರಿಯರೊಬ್ಬರ ಬೀಳ್ಕೊಡುಗೆ ಇತ್ತು. ಭಾನುವಾರ ಮಧ್ಯಾಹ್ನ. ಇದ್ದ ಪ್ಯಾಂಟುಗಳನ್ನೆಲ್ಲ ಹಾಕಿ ನೋಡಿ, ಒಂದೂ ಸೊಂಟಕ್ಕೆ ಕೂರದೆ ಹಾಸಿಗೆಯ ಮೇಲೆ ರಾಶಿ ಹಾಕಿದರು. ಆಮೇಲೆ ಇದ್ದಕ್ಕಿದ್ದ ಹಾಗೆ, "ಏ, ಅಪ್ಪ ಒಳಗೆ ಬಟ್ಟೆ ಬಿಡ್ತಿದ್ದ ಅಲ್ವಾ?" ಎಂದರು.

ನಾನು ರಾಶಿಯಲ್ಲಿದ್ದ ಒಂದು ಪ್ಯಾಂಟನ್ನು ಎತ್ತಿ ಮಡಿಸತೊಡಗಿದೆ.

"ಆ ಮದುವೆ ಪ್ಯಾಂಟು ಇದೆಯಲ್ಲ, ನೀಲಿದು. ಅದನ್ನ ಬಿಡಿಸಿಕೊಡು. ಈ ರೆಡಿಮೇಡ್ ನನ್ಮಕ್ಕಳು ಒಂದು ದಾರದಷ್ಟೂ ಬಿಡಲ್ಲ."

"ಅದಕ್ಕೆ ಹುಳ ಬಿದ್ದಿರಬೇಕು ರೀ. ಹಳೇದು..." ಎಂದು ನಾನು ಅನ್ನುವಷ್ಟರಲ್ಲಿ ಪೆಟ್ಟಿಗೆ ತೆರೆದಾಗಿತ್ತು. ಎಷ್ಟು ಬಿಡಿಸಬೇಕೆಂದು ನೋಡುವುದಕ್ಕೆ ಮೊದಲು ಹಾಗೇ ಕಾಲು ಹಾಕಿದರು. ಉಸಿರು ಎಳೆದುಕೊಂಡು, ಹಲ್ಲು ಕಚ್ಚಿಕೊಂಡು ಗುಂಡಿಗೆ ಕೈ ಹಾಕಿದರು.

ಗುಂಡಿ ತಾನಾಗಿ ಕಾಜದೊಳಗೆ ಹೋಗಿ ಕೂತಿತು. ಎಳೆದುಕೊಂಡ ಉಸಿರು ಬಿಟ್ಟರು. ಪ್ಯಾಂಟು ನಿನ್ನೆ ಅಳತೆ ತೆಗೆದು ಹೊಲಿದ ಹಾಗೆ ನಿಂತಿತ್ತು.

ಮೊದಲು ಮುಖ ಅರಳಿತು. ರೋಗವಿಲ್ಲ, ಗಡ್ಡೆಯಿಲ್ಲ ಎನ್ನುವ ಸಂತೋಷ. ಆಮೇಲೆ ಹಾಸಿಗೆಯ ಮೇಲಿನ ರಾಶಿ ನೋಡಿದರು. ಮೇಲಿದ್ದ ಕಪ್ಪು ಪ್ಯಾಂಟನ್ನು ತಿರುಗಿಸಿ ಒಳಮೈ ಹೊರಗೆ ತಂದರು. ಎಷ್ಟಾದರೂ ದರ್ಜಿಯ ಮಗ. ಹೊಲಿಗೆಯ ಮೇಲೆ ಉಗುರು ಓಡಿಸಿ ನಿಲ್ಲಿಸಿದರು.

"ಇದು ಅಪ್ಪನ ಹೊಲಿಗೆ."

"ಅಲ್ಲ. ಅವರು ಕಲಿಸಿದ್ದು" ಎಂದೆ.

ಇನ್ನೊಂದು ತಿರುಗಿಸಿದರು. ಮತ್ತೊಂದು. ಬೆವರು ಒರೆಸಿಕೊಂಡರು. ಆಮೇಲೆ ಮನೆ ಹಾರಿಹೋಗುವ ಹಾಗೆ ಕೂಗಿದರು. "ತಲೆ ಕೆಟ್ಟಿದೆಯೇನೇ ನಿನಗೆ? ಸಾಯ್ತೀನಿ ಅಂದ್ಕೊಂಡಿದ್ದೆ ನಾನು! ನನ್ನ ಮೈಯೊಳಗೆ ಏನೋ ಆಗಿದೆ ಅಂತ..."

ಕೂಗು ಕೇಳಿ ಮಗಳು ಕಿವಿಯಿಂದ ವೈರು ಕಿತ್ತು ಬಾಗಿಲಿಗೆ ಬಂದು ನಿಂತಳು.

"ಮಾವನ ಕೈ ನಡುಗ್ತಿತ್ತಾ?" ಎಂದು ಕೇಳಿದೆ.

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ನಡುಗ್ತಿತ್ತಾ?"

ಕೈಯಲ್ಲಿ ಕಪ್ಪು ಪ್ಯಾಂಟು, ಮೈಮೇಲೆ ಅಪ್ಪ ಹೊಲಿದದ್ದು. ಸುಳ್ಳು ಹೇಳುವುದಕ್ಕೆ ಅದು ಒಳ್ಳೆಯ ವೇಷವಲ್ಲ. ಹಾಸಿಗೆಯ ಅಂಚಿಗೆ ಕುಸಿದು ಕೂತರು.

"ಇಲ್ಲ."

"ಮೇಷ್ಟ್ರ ಶರ್ಟಿನ ತೋಳು?"

"ಸರಿಯಾಗೇ ಇತ್ತು. ಮೇಷ್ಟ್ರು ಏನೂ ಹೇಳಿರಲಿಲ್ಲ. ಆ ಕೋಣೆ ಬೇಕಿತ್ತು ನನಗೆ. ಅಪ್ಪ ಸುಮ್ಮನೆ ಕೇಳಿದ್ರೆ ಬಿಡ್ತಿರಲಿಲ್ಲ."

ನಾನು ಇಷ್ಟು ಕಾಲ ಕಾದದ್ದು ಈ ಮಾತಿಗೆ. ಎದೆಗೆ ತಣ್ಣೀರು ಎರೆದ ಹಾಗಾಗಬೇಕಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಮಗಳ ದನಿ ಬಂತು.

"ಹಂಗಾದ್ರೆ ತಾತ ನನ್ನ ಹಳದಿ ಫ್ರಾಕು ಹೊಲಿಬಹುದಿತ್ತಾ?"

ಇವರು ಕೈಯಲ್ಲಿದ್ದ ಕಪ್ಪು ಪ್ಯಾಂಟನ್ನು ರಾಶಿಯ ಮೇಲಿಟ್ಟರು.

"ನಾನು ತಾತನ ಜೊತೆ ಮಾತು ಬಿಟ್ಟಿದ್ದೆ ಅಪ್ಪ. ಬೇಕಂತಲೇ ಹೊಲಿಯಲ್ಲ ಅಂತಾರೆ ಅಂತ. ಅವರು ಕೈ ತೋರಿಸೋಕೆ ಬಂದ್ರೆ ಮುಖ ತಿರುಗಿಸ್ತಿದ್ದೆ."

ಅಷ್ಟು ಹೇಳಿ ಅವಳು ಅಲ್ಲೇ ನಿಂತಿದ್ದಳು. ಇವರು ಅಪ್ಪನ ಪ್ಯಾಂಟಿನ ಮೊಣಕಾಲಿನ ಮೇಲೆ ಮುಖವಿಟ್ಟು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಮಗಳೂ ಮಾಡಲಿಲ್ಲ. ನಾನು ಹೊಲಿದ ಸೇಡೆಲ್ಲ ಸೇರಿದರೂ ಅವಳ ಆ ಒಂದು ಪ್ರಶ್ನೆಯಷ್ಟು ಬಿಗಿಯಾಗಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಬೀಳ್ಕೊಡುಗೆಗೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, ನನ್ನ ಕಡೆ ನೋಡದೆ, "ಇವನ್ನೆಲ್ಲ ಬಿಚ್ಚಿಕೊಡ್ತೀಯಾ?" ಎಂದರು.

ಅರ್ಧ ಮುರಿದ ಬ್ಲೇಡು ತಂದು ಅವರ ಅಂಗೈಯಲ್ಲಿಟ್ಟೆ. "ನೀವೇ ಬಿಚ್ಚಿ. ನೂಲು ಮಾತ್ರ ಹೋಗ್ಬೇಕು, ಬಟ್ಟೆಗೆ ಗಾಯ ಆಗ್ಬಾರದು."

ಮುಂದಿನ ಕೋಣೆಯ ಕಿಟಕಿಯ ಕೆಳಗೆ, ನಡೆಯುವ ಯಂತ್ರವನ್ನು ಗೋಡೆಗೆ ತಳ್ಳಿ ನೆಲದ ಮೇಲೆ ಕೂತರು. ಆ ಯಂತ್ರದ ಅಡಿಯಿಂದ ಹೊಲಿಗೆ ಮಿಷನ್ನಿನ ಕಾಲುಗಳು ನೆಲದ ಮೇಲೆ ಬಿಟ್ಟಿದ್ದ ನಾಲ್ಕು ಗುರುತುಗಳು ಹೊರಬಂದವು. ನನ್ನ ಹೊಲಿಗೆ ಸಣ್ಣ, ಒತ್ತೊತ್ತಾಗಿರುತ್ತದೆ. ಒಂದೊಂದು ಪ್ಯಾಂಟಿಗೂ ಅರ್ಧ ದಿನ ಹಿಡಿಯಿತು. ಬೆರಳು ಕೊಯ್ದುಕೊಂಡರು, ಬೈದುಕೊಂಡರು, ಬಿಚ್ಚಿದರು. ಫೋನು ಎಲ್ಲೋ ಬಡಿದುಕೊಳ್ಳುತ್ತಿತ್ತು, ಎದ್ದು ಹೋಗಲಿಲ್ಲ. ಮಗಳು ಮಾವನ ಕತ್ತರಿಯನ್ನು ಮೊಳೆಯಿಂದ ತೆಗೆದುಕೊಂಡು ಸಾಣೆ ಹಿಡಿಸಲು ಹೋದಳು. ಯಾರೂ ಹೇಳಿರಲಿಲ್ಲ.

ಈಗ ಇವರು ನನ್ನ ಜೊತೆ ಬಹಳ ಮರ್ಯಾದೆಯಿಂದ ಇದ್ದಾರೆ. ಕ್ಷಮಿಸಿದೆಯಾ ಎಂದು ಒಂದೆರಡು ಸಲ ಕೇಳಿದರು. ಮಾವ ಇದ್ದಿದ್ದರೆ ಒಳಗೆ ಎರಡು ಬೆರಳು ಬಿಟ್ಟಿರುತ್ತಿದ್ದರು, ಅವರು ಅಂಥವರು. ನಾನು ಅಂಥವಳಲ್ಲ. ರಾಶಿಯಲ್ಲಿ ಬೂದು ಬಣ್ಣದ ಪ್ಯಾಂಟು ಇರಲಿಲ್ಲ ಎನ್ನುವುದನ್ನು ಇವರು ಗಮನಿಸಿಲ್ಲ. ಅವತ್ತು ಒಗೆಯುವ ಬುಟ್ಟಿಯಲ್ಲಿದ್ದ ಅದು ಈಗ ಬಿಗಿ ಬಿಚ್ಚದೆ ನನ್ನ ಸೀರೆಗಳ ಕೆಳಗಿದೆ. ಆಗಾಗ ಹೊರತೆಗೆದು ಇಸ್ತ್ರಿ ಮಾಡಿ ಬೀರುವಿನಲ್ಲಿ ಇವರ ಬಟ್ಟೆಗಳ ಮೇಲೆ ಇಡುತ್ತೇನೆ, ಎಲ್ಲ ಬಿಚ್ಚಿಯಾಯಿತು ಎಂದುಕೊಂಡವರು ಗುಂಡಿ ಹಾಕುವಾಗ ಮತ್ತೊಮ್ಮೆ ಉಸಿರು ಎಳೆದುಕೊಳ್ಳಲಿ ಎಂದು.